ಮೌಂಟನ್ ವ್ಯಾಲಿ ಪೈಪ್‌ಲೈನ್‌ ತಡವಾದದ್ದೇಕೆ?
ಅಮೆರಿಕದ ಈ ಅನಿಲ ಕೊಳವೆಗೆ 2017ರಲ್ಲೇ ಅಲ್ಲಿನ ಫೆಡರಲ್ ಇಂಧನ ಆಯೋಗ ಒಪ್ಪಿದರೂ ವೆಸ್ಟ್ ವರ್ಜೀನಿಯಾದ ಶೇಲ್ ಗ್ಯಾಸ್ (ಜೇಡಿಬಂಡೆಯ ಪದರದಿಂದ ತೆಗೆಯುವ ಅನಿಲ) ವರ್ಜೀನಿಯಾಕ್ಕೆ ಹರಿದದ್ದು 2024ರ ಜೂನ್‌ನಲ್ಲಿ, ಯಾಕೆ ಅಂತ ಕೇಳಿದ್ದೀರಿ. ಗಿರಾಕಿಗಳಿಲ್ಲದೆ ಅಲ್ಲ, ದಿನಕ್ಕೆ 200 ಕೋಟಿ ಘನ ಅಡಿ ಸಾಗಿಸಲು 20 ವರ್ಷಗಳ ಒಪ್ಪಂದ ಮೊದಲೇ ಆಗಿತ್ತು. ಆಯೋಗದ ಪ್ರಮಾಣಪತ್ರದಿಂದ ಭೂಸ್ವಾಧೀನದ ಹಕ್ಕೇನೋ ಸಿಗುತ್ತದೆ. ಆದರೆ ಹೊಳೆ ದಾಟಲು, ಜೆಫರ್ಸನ್ ರಾಷ್ಟ್ರೀಯ ಅರಣ್ಯ ಹಾಯಲು, ಅಪರೂಪದ ಮೀನುಗಳ ರಕ್ಷಣೆಗೆ ಬೇರೆಬೇರೆ ಅನುಮತಿ ಬೇಕು. ಕೋರ್ಟ್‌ನಲ್ಲಿ ಬಿದ್ದುಹೋದದ್ದು ಈ ಅನುಮತಿಗಳೇ. ಕೊನೆಗೆ 2023ರಲ್ಲಿ ಇವನ್ನು ಊರ್ಜಿತಗೊಳಿಸಲು ಅಮೆರಿಕದ ಸಂಸತ್ತೇ ಕಾನೂನು ಮಾಡಬೇಕಾಯಿತು.

ಇಂಥ ಕೊಳವೆ ಹಾಕುವವರಿಗೆ ಎರಡು ಮಾತು. ಮಾರ್ಗ ಗುರುತಿಸುವಾಗ ಇಳಿಜಾರು ನೋಡಿ. 42 ಇಂಚಿನ ಪೈಪಿಗೆ ತೋಡಿದ ಕಾಲುವೆ ಮಳೆಗಾಲದಲ್ಲಿ ಚರಂಡಿಯಾಗುತ್ತದೆ. ನಡುನಡುವೆ ಮರಳುಮೂಟೆಯ ಅಡ್ಡಗಟ್ಟೆ ಇಲ್ಲದಿದ್ದರೆ ಮಣ್ಣು ಕೊಚ್ಚಿಹೋಗುತ್ತದೆ. ಇನ್ನೊಂದು: ಕೆಲಸ ನಿಂತು ಪೈಪುಗಳು ವರ್ಷಗಟ್ಟಲೆ ಬಿಸಿಲಲ್ಲಿದ್ದರೆ ತುಕ್ಕು ತಡೆಯುವ ಎಪಾಕ್ಸಿ ಲೇಪ ಪುಡಿಯಾಗಿ ತೆಳ್ಳಗಾಗುತ್ತದೆ. ಹೂಳುವ ಮುನ್ನ ದಪ್ಪ ಅಳೆಯಲೇಬೇಕು.