ಗದ್ದದ ಪಟ್ಟಿ ಕಟ್ಟುವ ಮೊದಲು ಮೂಗು ನೋಡಿ

ಪ್ರಶ್ನೆ: ನಮ್ಮ ಯಜಮಾನರಿಗೆ 54 ವರ್ಷ. ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ಕಟ್ಟುವ ತೊಂದರೆ) ಇರುವುದರಿಂದ, ಮಾಸ್ಕಿನ ಮೂಲಕ ಒತ್ತಡದಲ್ಲಿ ಗಾಳಿ ಊದುವ ಸಿಪ್ಯಾಪ್ ಯಂತ್ರ ಹಾಕಿಕೊಂಡು ಮಲಗುತ್ತಾರೆ. ಮಾಸ್ಕ್ ಮೂಗಿಗೆ ಮಾತ್ರ. ನಡುರಾತ್ರಿ ಬಾಯಿ ತೆರೆದುಕೊಂಡು ಬುಸ್ಸೆಂದು ಗಾಳಿ ಹೊರಗೆ ಬರುತ್ತದೆ. ಬೆಳಿಗ್ಗೆ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿರುತ್ತದೆ. ಗದ್ದಕ್ಕೆ ಕಟ್ಟುವ ಚಿನ್ ಸ್ಟ್ರಾಪ್ ತರಿಸಬಹುದೇ? ಎಷ್ಟು ಬಿಗಿಯಾಗಿ ಕಟ್ಟಬೇಕು?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ತರಿಸಬಹುದು. ಅದಕ್ಕೂ ಮೊದಲು ಅವರ ಮೂಗು ಸರಿಯಾಗಿದೆಯೇ ನೋಡಿ. ಬಾಯಿ ತೆರೆದುಕೊಳ್ಳಲು ಮುಖ್ಯವಾಗಿ ಎರಡು ಕಾರಣ. ಮೂಗು ಕಟ್ಟಿ ಉಸಿರಿಗೆ ಬೇರೆ ದಾರಿ ಇಲ್ಲದಿರುವುದು ಒಂದು. ನಿದ್ದೆಯಲ್ಲಿ ಸ್ನಾಯು ಸಡಿಲಗೊಂಡು ಕೆಳದವಡೆ ಜೋತುಬೀಳುವುದು ಇನ್ನೊಂದು. ಪಟ್ಟಿ ಕೆಲಸಕ್ಕೆ ಬರುವುದು ಎರಡನೆಯದಕ್ಕೆ ಮಾತ್ರ. ಮೂಗು ಕಟ್ಟಿದವರ ಬಾಯನ್ನು ಕಟ್ಟುವುದು ಸರಿಯಲ್ಲ.

ಪರೀಕ್ಷೆ ಸುಲಭ. ಸಂಜೆ ಅಂಗಾತ ಮಲಗಿ, ಬಾಯಿ ಮುಚ್ಚಿ, ಐದು ನಿಮಿಷ ಮೂಗಿನಲ್ಲೇ ಉಸಿರಾಡಲಿ. ಕೂತಾಗ ಸರಿಯಿದ್ದ ಮೂಗು ಮಲಗಿದಾಗ ಕಟ್ಟುವುದುಂಟು, ಆದ್ದರಿಂದ ಮಲಗಿಯೇ ನೋಡಬೇಕು. ಕಷ್ಟವಾದರೆ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಿ. ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲೂ ಆ ವಿಭಾಗವಿದೆ. ಮೂಗಿನ ನಡುಗೋಡೆ ವಾಲಿರಬಹುದು, ಅಥವಾ ಅಲರ್ಜಿಯಿಂದ ಒಳಪೊರೆ ಊದಿರಬಹುದು. ಮಲೆನಾಡಿನ ಮಳೆಗಾಲದಲ್ಲಿ ಗೋಡೆ, ಹಾಸಿಗೆಗಳಿಗೆ ಹಿಡಿಯುವ ಬೂಷ್ಟು ಈ ಅಲರ್ಜಿಯನ್ನು ಕೆಣಕುತ್ತದೆ. ವೈದ್ಯರು ಸ್ಟೀರಾಯ್ಡ್ ಸ್ಪ್ರೇ ಬರೆದುಕೊಟ್ಟರೆ ಪೂರ್ಣ ಗುಣ ಕಾಣಲು ಒಂದೆರಡು ವಾರ ಬೇಕು. ಮೂಗು ತಕ್ಷಣ ಬಿಡಿಸುವ ಹನಿಗಳನ್ನು ಮಾತ್ರ ನೀವೇ ತಂದು ದಿನಗಟ್ಟಲೆ ಹಾಕಬೇಡಿ. ಕೆಲವೇ ದಿನ ದಾಟಿದರೂ ಮೂಗು ಮೊದಲಿಗಿಂತ ಹೆಚ್ಚು ಕಟ್ಟಲು ಶುರುವಾಗುತ್ತದೆ.

ಇಲ್ಲೊಂದು ವಿಷಚಕ್ರವೂ ಇದೆ. ಮೂಗಿನಿಂದ ಹೋದ ಗಾಳಿ ಬಾಯಿಂದ ಸೋರುತ್ತಿದ್ದರೆ ಮೂಗಿನ ಮೂಲಕ ಒಂದೇ ದಿಕ್ಕಿಗೆ ಒಣಗಾಳಿ ಹರಿಯುತ್ತಲೇ ಇರುತ್ತದೆ. ಒಳಪೊರೆ ಒಣಗಿ ಊದುತ್ತದೆ, ಮೂಗು ಕಟ್ಟುತ್ತದೆ, ಬಾಯಿ ಇನ್ನಷ್ಟು ತೆರೆಯುತ್ತದೆ. ಹಾಗಾಗಿ ಗಾಳಿಗೆ ತೇವ ಸೇರಿಸುವ ಯಂತ್ರದ ಭಾಗವಾದ ಹ್ಯೂಮಿಡಿಫೈಯರ್ ಬಳಸದೆ ಇಟ್ಟಿದ್ದರೆ ಇಂದೇ ಶುರುಮಾಡಿ. ತೊಟ್ಟಿಗೆ ಡಿಸ್ಟಿಲ್ಡ್ ವಾಟರ್ ಹಾಕಿ, ಉಳಿದ ನೀರನ್ನು ಬೆಳಿಗ್ಗೆ ಚೆಲ್ಲಿ. ಚಳಿಗಾಲದಲ್ಲಿ ಕೊಳವೆಯೊಳಗೆ ನೀರು ಕಟ್ಟಿ ಗುಳುಗುಳು ಎಂದರೆ ತೇವದ ಮಟ್ಟವನ್ನು ಒಂದು ಹಂತ ಇಳಿಸಿ, ಇಲ್ಲವೇ ಕೊಳವೆಯನ್ನು ಕಂಬಳಿಯೊಳಗೆ ಹಾಯಿಸಿ.

ಈಗ ಪಟ್ಟಿಗೆ ಬರೋಣ. ಹಿಗ್ಗುವ ಬಟ್ಟೆಯದು, ವೆಲ್ಕ್ರೋ ಇರುವುದು, ಗದ್ದ ಕೂರುವ ಜಾಗ ಅಗಲವಾಗಿರುವುದು ಬೇಕು. ಕಟ್ಟುವಾಗ ಎಳೆತ ಗದ್ದದಿಂದ ನೆತ್ತಿಯ ಕಡೆಗೆ, ನೇರ ಮೇಲಕ್ಕೆ ಇರಬೇಕು. ಹೆಚ್ಚಿನವರು ಎಡವುವುದು ಇಲ್ಲೇ. ಪಟ್ಟಿ ಕತ್ತಿನ ಹಿಂಭಾಗಕ್ಕೆ ಜಾರಿದರೆ ಕೆಳದವಡೆಯನ್ನು ಹಿಂದಕ್ಕೆ ತಳ್ಳುತ್ತದೆ. ಜೊತೆಗೆ ನಾಲಿಗೆಯ ಬುಡವೂ ಹಿಂದೆ ಸರಿದು, ಯಂತ್ರ ಯಾವ ದಾರಿಯನ್ನು ತೆರೆದಿಡಲು ಹೆಣಗುತ್ತಿದೆಯೋ ಅದೇ ದಾರಿ ಕಿರಿದಾಗುತ್ತದೆ.

ಮೊದಲು ಪಟ್ಟಿ, ಅದರ ಮೇಲೆ ಮಾಸ್ಕ್. ಮಾಸ್ಕನ್ನು ತಲೆಗೆ ಹಿಡಿದಿಡುವ ಹೆಡ್‌ಗೇರ್ ಮೇಲೆ ಪಟ್ಟಿ ಬಿಗಿದರೆ ಮಾಸ್ಕ್ ಓರೆಯಾಗಿ ಅಲ್ಲೇ ಹೊಸ ಸೋರಿಕೆ ಶುರುವಾಗುತ್ತದೆ. ಮೇಲೆ-ಕೆಳಗಿನ ಹಲ್ಲು ಹಗುರವಾಗಿ ತಾಗುವಷ್ಟು ಬಿಗಿ ಸಾಕು. ಪಟ್ಟಿಯ ಕೆಳಗೆ ಒಂದು ಬೆರಳು ಸುಲಭವಾಗಿ ಹೋಗಬೇಕು. ಆಕಳಿಸಿದರೆ ಬಾಯಿ ತೆರೆಯಬೇಕು. ಬೆಳಿಗ್ಗೆ ಕಿವಿಯ ಮುಂದಿನ ಕೀಲು ನೋಯುತ್ತಿದ್ದರೆ ಬಿಗಿ ಹೆಚ್ಚಾಯಿತೆಂದೇ ಅರ್ಥ. ಯಂತ್ರ ಓಡಿಸಿ, ಮಲಗಿದ ಮೇಲೆ ಕೊನೆಯ ಹೊಂದಾಣಿಕೆ ಮಾಡಿ. ಗಡ್ಡವಿದ್ದರೆ ಪಟ್ಟಿ ಜಾರುತ್ತದೆ. ಹಲ್ಲಿನ ಸೆಟ್ ತೆಗೆದಿಟ್ಟು ಮಲಗುವವರಿಗೆ ದವಡೆಗೆ ಆಧಾರವಿಲ್ಲದೆ ಪಟ್ಟಿ ಸರಿಯಾಗಿ ಕೂರುವುದಿಲ್ಲ, ದಂತವೈದ್ಯರನ್ನು ಕೇಳಿ.

ಫಲ ಸಿಕ್ಕಿತೇ ಎಂದು ಯಂತ್ರದ ವರದಿಯೇ ಹೇಳುತ್ತದೆ. ಪಟ್ಟಿ ಇಲ್ಲದ ಒಂದು ವಾರ, ಪಟ್ಟಿ ಇರುವ ಒಂದು ವಾರ, ಎರಡರ ಸೋರಿಕೆ ಅಂಕಿಯನ್ನು ಪಕ್ಕಪಕ್ಕ ಬರೆದಿಡಿ. ರೆಸ್‌ಮೆಡ್ ಕಂಪನಿಯ ಯಂತ್ರಗಳಲ್ಲಿ ನಿಮಿಷಕ್ಕೆ 24 ಲೀಟರ್ ದಾಟಿದರೆ ಸೋರಿಕೆ ಹೆಚ್ಚೆಂದು ಲೆಕ್ಕ. ಕೆಲವು ಕಂಪನಿಗಳ ಯಂತ್ರಗಳು ಮಾಸ್ಕಿನ ರಂಧ್ರದಿಂದ ಸಹಜವಾಗಿ ಹೋಗುವ ಗಾಳಿಯನ್ನೂ ಸೇರಿಸಿ ತೋರಿಸುತ್ತವೆ. ಆದ್ದರಿಂದ ಬೇರೆಯವರ ಯಂತ್ರದ ಅಂಕಿಯೊಂದಿಗೆ ಹೋಲಿಸಬೇಡಿ. ಗಂಟೆಗೆ ಉಸಿರು ಎಷ್ಟು ಸಲ ಕಟ್ಟಿತು, ಕುಗ್ಗಿತು ಎಂಬ ಎಎಚ್‌ಐ ಅಂಕಿಯನ್ನೂ ಗಮನಿಸಿ. ಅದು 5ಕ್ಕಿಂತ ಕಡಿಮೆ ಇರಬೇಕು. ಸೋರಿಕೆ ಇಳಿದು ಎಎಚ್‌ಐ ಏರಿದರೆ ಪಟ್ಟಿ ದವಡೆಯನ್ನು ಹಿಂದಕ್ಕೆ ಎಳೆಯುತ್ತಿರಬಹುದು, ಬಿಚ್ಚಿಡಿ. ದವಡೆ ಮುಚ್ಚಿದ್ದರೂ ಕೆನ್ನೆ ಉಬ್ಬಿ ತುಟಿಯ ಸಂದಿಯಿಂದ ಗಾಳಿ ಹೋಗುತ್ತಿದ್ದರೆ ಪಟ್ಟಿ ಅದನ್ನು ತಡೆಯಲಾರದು. ಆಗ ಒತ್ತಡ ಹೆಚ್ಚಾಗಿದೆಯೇ, ಮೂಗು-ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್ ಬೇಕೇ ಎಂದು ವೈದ್ಯರೊಂದಿಗೆ ಮಾತನಾಡಿ. ಒತ್ತಡವನ್ನು ನೀವೇ ಬದಲಿಸಬೇಡಿ.

ಪ್ರಶ್ನೆ: ನಮ್ಮ ಕಡೆ ಮಳೆ ಹಿಡಿದರೆ ರಾತ್ರಿಯಿಡೀ ಕರೆಂಟ್ ಇರುವುದಿಲ್ಲ. ಗದ್ದಕ್ಕೆ ಪಟ್ಟಿ ಕಟ್ಟಿಕೊಂಡಿರುವಾಗ ಯಂತ್ರ ನಿಂತರೆ ಉಸಿರುಗಟ್ಟುವುದಿಲ್ಲವೇ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಯಂತ್ರ ನಿಂತಾಗ ಹೊಸ ಗಾಳಿಯ ಹರಿವು ನಿಂತು, ಬಿಟ್ಟ ಉಸಿರನ್ನೇ ಸ್ವಲ್ಪಮಟ್ಟಿಗೆ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ. ಸಾಮಾನ್ಯವಾಗಿ ಎಚ್ಚರವಾಗುತ್ತದೆ. ಆ ಗಳಿಗೆಯಲ್ಲಿ ಬಾಯಿ ತೆರೆಯಲು ಬರಬೇಕು ಎಂಬ ಕಾರಣಕ್ಕೇ ಹಿಗ್ಗುವ ಪಟ್ಟಿ ಎಂದದ್ದು. ಪಂಚೆಯ ಅಂಚು, ಟವೆಲ್ಲು, ಗಾಯಕ್ಕೆ ಸುತ್ತುವ ಬ್ಯಾಂಡೇಜು ಕಟ್ಟಲೇಬೇಡಿ. ಬಾಯಿಗೆ ಟೇಪ್ ಅಂಟಿಸುವುದೂ ಬೇಡ. ಎದ್ದ ಕೂಡಲೇ ಮೊದಲು ಮಾಸ್ಕ್ ಕಳಚಿ, ಪಟ್ಟಿ ಆಮೇಲೆ. ಕತ್ತಲೆಯಲ್ಲಿ ಒಂದೇ ಕೈಯಿಂದ ಎರಡನ್ನೂ ತೆಗೆಯುವುದು ಹಗಲಲ್ಲೇ ರೂಢಿಯಾಗಲಿ. ನಿದ್ದೆ ಮಾತ್ರೆ ತೆಗೆದುಕೊಂಡ, ಮದ್ಯ ಸೇವಿಸಿದ ಅಥವಾ ವಾಂತಿ ಬರುವಂತಿರುವ ರಾತ್ರಿ ಪಟ್ಟಿ ಬೇಡವೇ ಬೇಡ. ಕೈಯಲ್ಲಿ ಬಲವಿಲ್ಲದೆ ತಾವೇ ಬಿಚ್ಚಿಕೊಳ್ಳಲಾಗದವರಿಗೂ ಅಷ್ಟೇ.

ಯಂತ್ರವನ್ನು ಇನ್ವರ್ಟರ್‌ಗೆ ಜೋಡಿಸಿ. ಬ್ಯಾಟರಿಯಲ್ಲಿ ಓಡುವಾಗ ಹ್ಯೂಮಿಡಿಫೈಯರ್‌ನ ಬಿಸಿ ಆರಿಸಿದರೆ ಚಾರ್ಜ್ ಹೆಚ್ಚು ಹೊತ್ತು ಬರುತ್ತದೆ, ಏಕೆಂದರೆ ಫ್ಯಾನಿಗಿಂತ ಹೀಟರ್ ಹೆಚ್ಚು ವಿದ್ಯುತ್ ತಿನ್ನುತ್ತದೆ. ಮಳೆಗಾಲಕ್ಕೆ ಎರಡು ಪಟ್ಟಿ ಇಟ್ಟುಕೊಳ್ಳಿ. ಒಗೆದದ್ದು ಒಂದೇ ದಿನದಲ್ಲಿ ಒಣಗುವುದಿಲ್ಲ, ಹಸಿ ಪಟ್ಟಿಯಿಂದ ಗದ್ದದ ಕೆಳಗೆ ತುರಿಕೆ ಏಳುತ್ತದೆ.

ಪ್ರಶ್ನೆ: ಯಂತ್ರ ದುಬಾರಿ. ಬರೀ ಪಟ್ಟಿ ಕಟ್ಟಿಕೊಂಡು ಮಲಗಿದರೆ ಆಪ್ನಿಯಾ ಕಡಿಮೆಯಾಗುವುದೇ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ಇಲ್ಲ. ಆಪ್ನಿಯಾದಲ್ಲಿ ಮುಚ್ಚಿಕೊಳ್ಳುವುದು ಗಂಟಲಿನ ಹಿಂಭಾಗ. ಅದನ್ನು ತೆರೆದಿಡುವುದು ಯಂತ್ರದ ಗಾಳಿಯ ಒತ್ತಡ. ಆ ಗಾಳಿ ಬಾಯಿಂದ ಪೋಲಾಗದಂತೆ ನೋಡಿಕೊಳ್ಳುವುದಷ್ಟೇ ಪಟ್ಟಿಯ ಕೆಲಸ. ಖರ್ಚಿನ ಚಿಂತೆಯಿದ್ದರೆ ಯಂತ್ರ ಬಾಡಿಗೆಗೆ ಸಿಗುವುದೇ ಎಂದು, ನಿಮ್ಮ ಆಪ್ನಿಯಾ ತೀವ್ರವಲ್ಲದಿದ್ದರೆ ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಹಲ್ಲಿನ ಸಾಧನ ಹೊಂದುವುದೇ ಎಂದು ವೈದ್ಯರಲ್ಲಿ ವಿಚಾರಿಸಿ.