ನಲವತ್ತೈದರಲ್ಲಿ ಆಟಿಸಂ ಪರೀಕ್ಷೆ ಮಾಡಿಸಬೇಕಾ?

ಪ್ರಶ್ನೆ: ನನಗೆ 45 ವರ್ಷ. ದಾವಣಗೆರೆಯಲ್ಲಿ ಬ್ಯಾಂಕ್ ನೌಕರಿ. ಮೂರು ವರ್ಷದ ಹಿಂದೆ ಮಗನಿಗೆ ಆಟಿಸಂ (ಜನರ ಜೊತೆ ಬೆರೆಯುವ, ಸುತ್ತಲಿನದನ್ನು ಗ್ರಹಿಸುವ ರೀತಿ ಹುಟ್ಟಿನಿಂದಲೇ ಬೇರೆ ಇರುವುದು) ಇದೆ ಅಂತ ಗೊತ್ತಾಯಿತು. ಡಾಕ್ಟರು ಅವನ ಬಗ್ಗೆ ಕೇಳಿದ ಒಂದೊಂದು ಪ್ರಶ್ನೆಗೂ ನನಗೆ ಒಳಗೊಳಗೇ ‘ಇದು ನಾನೇ’ ಅನ್ನಿಸುತ್ತಿತ್ತು. ಮಿಕ್ಸಿ ಸದ್ದು, ಹೊಸ ಸೀರೆಯ ಗಂಜಿ ಎರಡೂ ತಡೆಯಲು ಆಗಲ್ಲ. ಹೇಳದೆ ಕೇಳದೆ ನೆಂಟರು ಬಂದರೆ ಇಡೀ ದಿನ ಹಾಳು. ಮದುವೆಗಳಲ್ಲಿ ಮುಯ್ಯಿ ಬರೆಯುವ ಕೆಲಸ ನಾನೇ ಕೇಳಿ ತೆಗೆದುಕೊಳ್ಳುತ್ತೇನೆ. ಟೇಬಲ್ ಹಿಂದೆ ಕೂತರೆ ಯಾರ ಜೊತೆಗೂ ಜಾಸ್ತಿ ಮಾತಾಡಬೇಕಿಲ್ಲ. ಆತಂಕಕ್ಕೆ ಅಂತ ಆರು ವರ್ಷದಿಂದ ಮಾತ್ರೆ ನುಂಗುತ್ತಿದ್ದೇನೆ. ಆನ್‌ಲೈನಿನಲ್ಲಿ ಎಕ್ಯೂ ಅಂತ ಆಟಿಸಂ ಲಕ್ಷಣಗಳ ಪರೀಕ್ಷೆ ಮಾಡಿಕೊಂಡೆ, 50ಕ್ಕೆ 34 ಅಂಕ ಬಂತು. ಯಜಮಾನರು, ‘ಸಂಸಾರ, ನೌಕರಿ ಎಲ್ಲಾ ನಡೀತಿದೆ. ಈ ವಯಸ್ಸಲ್ಲಿ ಸುಮ್ನೆ ಯಾಕೆ ಒಂದು ಕಾಯಿಲೆ ಹೆಸರು ಅಂಟಿಸಿಕೊಳ್ತೀಯಾ’ ಅಂತಾರೆ. ಏನು ಮಾಡಲಿ?

ಉತ್ತರ: ಮಾಡಿಸಿ. ಈ ಮಾತನ್ನು ನಾನು ಎಲ್ಲರಿಗೂ ಹೇಳುವುದಿಲ್ಲ. ‘ನಾನು ಸ್ವಲ್ಪ ಬೇರೆ ಥರ, ಆದರೆ ಆರಾಮಾಗಿದ್ದೇನೆ’ ಅನ್ನುವವರಿಗೆ ಪರೀಕ್ಷೆಯ ಅವಸರವೇನೂ ಇಲ್ಲ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಆರು ವರ್ಷದ ಮಾತ್ರೆ.

ಆತಂಕ ಎಲ್ಲಿಂದ ಬರುತ್ತಿದೆ ಅನ್ನುವುದರ ಮೇಲೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಜನ ಏನಂದುಕೊಳ್ಳುತ್ತಾರೋ ಎಂಬ ಭಯ ಇದ್ದರೆ, ‘ನಾಲ್ಕು ಜನರ ಮಧ್ಯೆ ಹೋಗಿ, ರೂಢಿಯಾಗುತ್ತೆ’ ಅನ್ನುವ ಸಲಹೆ ಕೆಲಸ ಮಾಡುತ್ತದೆ. ಆದರೆ ಛತ್ರದ ಓಲಗ, ಮೈಕು, ಒಟ್ಟಿಗೆ ಹತ್ತು ಮಾತು, ಯಾರಿಗೆ ಯಾವಾಗ ನಗಬೇಕು ಅನ್ನುವ ಲೆಕ್ಕಾಚಾರ, ಆಟಿಸಂನಲ್ಲಿ ಆಗುವಂತೆ ಇದರಿಂದಲೇ ಮೆದುಳು ಸುಸ್ತಾಗುತ್ತಿದ್ದರೆ, ರೂಢಿ ಮಾಡಿಸಲು ಹೊರಟಷ್ಟೂ ಸುಸ್ತು ಜಾಸ್ತಿ. ಅಲ್ಲಿ ಬೇಕಾಗಿರುವುದು ಸದ್ದು ಕಡಿಮೆ ಮಾಡುವುದು, ಮುಂಚೆಯೇ ಹೇಳಿ ಬರಲು ನೆಂಟರಿಗೆ ತಿಳಿಸುವುದು, ಗದ್ದಲದ ದಿನದ ಮಾರನೇ ದಿನ ಖಾಲಿ ಇಟ್ಟುಕೊಳ್ಳುವುದು. ಮುಯ್ಯಿ ಟೇಬಲ್ ಹಿಂದೆ ಕೂತು ಅರ್ಧ ಚಿಕಿತ್ಸೆಯನ್ನು ನೀವೇ ಕಂಡುಕೊಂಡಿದ್ದೀರಿ, ಯಾವ ಡಾಕ್ಟರೂ ಹೇಳಿಕೊಡದೆ! ಅಂದ ಹಾಗೆ, ಆಟಿಸಂ ಇರಬಹುದು ಅಂತ ಈಗಿನ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಆತಂಕ, ಖಿನ್ನತೆ ಆಟಿಸಂ ಜೊತೆಗೂ ಇರುತ್ತವೆ. ಆಟಿಸಂನ ಮೂಲ ಲಕ್ಷಣಗಳಿಗೆ ಮಾತ್ರೆ ಇಲ್ಲ. ಈ ಜೊತೆಯವಕ್ಕೆ ಇದೆ.

ಆ 34ರ ವಿಷಯ. ಎಕ್ಯೂ ಎಂಬ 50 ಪ್ರಶ್ನೆಗಳ ಈ ಪಟ್ಟಿಯನ್ನು ಸೈಮನ್ ಬ್ಯಾರನ್-ಕೋಹೆನ್ ಮತ್ತು ಜೊತೆಗಾರರು 2001ರಲ್ಲಿ ಕೇಂಬ್ರಿಜ್‌ನಲ್ಲಿ ಮಾಡಿದರು. ಅವರ ಅಧ್ಯಯನದಲ್ಲಿ ಆಟಿಸಂ ಇದ್ದ ವಯಸ್ಕರಲ್ಲಿ ಸುಮಾರು 80 ಶೇಕಡಾ ಜನಕ್ಕೆ 32 ಅಥವಾ ಹೆಚ್ಚು ಅಂಕ ಬಂದಿತ್ತು. ಹಾಗಂತ 32 ದಾಟಿದವರೆಲ್ಲರಿಗೂ ಆಟಿಸಂ ಇದೆ ಅಂತಲ್ಲ. ಆತಂಕ ಜಾಸ್ತಿ ಇರುವವರಿಗೂ ಅಂಕ ಏರುತ್ತದೆ. ಇನ್ನು ಪ್ರಶ್ನೆಗಳೋ, ‘ಪಾರ್ಟಿಗಿಂತ ಲೈಬ್ರರಿಗೆ ಹೋಗುವುದು ಇಷ್ಟವೇ’ ಅಂತ ಒಂದಿದೆ. ನಮ್ಮಲ್ಲಿ ಎಷ್ಟೋ ಹೆಂಗಸರಿಗೆ ಎರಡಕ್ಕೂ ಹೋಗಲು ಪುರುಸೊತ್ತಿಲ್ಲ. ಅಂಕವನ್ನು ಡಾಕ್ಟರ ಬಾಗಿಲು ತಟ್ಟಲು ಒಂದು ಕಾರಣ ಅಂತಷ್ಟೇ ತೆಗೆದುಕೊಳ್ಳಿ.

‘ಇಷ್ಟು ದಿನ ಯಾರಿಗೂ ಯಾಕೆ ಕಾಣಲಿಲ್ಲ’ ಅಂತ ಯಜಮಾನರು ಕೇಳಬಹುದು. ನೀವು ಹುಟ್ಟಿದ ಹೊತ್ತಿಗೆ, 1980ರಲ್ಲಿ, ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಆಟಿಸಂಗೆ ಮೊದಲ ಸಲ ಅದರದ್ದೇ ಜಾಗ ಸಿಕ್ಕಿತ್ತು, ಅದೂ ಪುಟ್ಟ ಮಕ್ಕಳ ಸಮಸ್ಯೆ ಅಂತ. ಚೆನ್ನಾಗಿ ಮಾತಾಡುವ, ಓದುವ ಮಕ್ಕಳಲ್ಲಿ ಕಾಣುವ ಆಸ್ಪರ್ಜರ್ ಸಿಂಡ್ರೋಮ್ ಎಂಬ ಆಟಿಸಂನ ರೂಪ ಆ ಕೈಪಿಡಿಗೆ ಸೇರಿದ್ದು 1994ರಲ್ಲಿ. ಅಷ್ಟರಲ್ಲಿ ನೀವು ಹೈಸ್ಕೂಲಿಗೆ ಬಂದಿದ್ದಿರಿ. ತನ್ನಷ್ಟಕ್ಕೆ ತಾನಿದ್ದು ಒಳ್ಳೇ ಮಾರ್ಕ್ಸ್ ತೆಗೆಯುವ ಹುಡುಗಿಯ ಬಗ್ಗೆ ‘ಪಾಪ, ಸಂಕೋಚದ ಸ್ವಭಾವ’ ಅಂದು ಎಲ್ಲರೂ ಸುಮ್ಮನಾಗುತ್ತಿದ್ದ ಕಾಲ ಅದು.

ನಿಮ್ಮ ತಾಯಿ ಇದ್ದಾರಾ? ಇದ್ದರೆ ಪರೀಕ್ಷೆಯನ್ನು ಮುಂದೂಡಬೇಡಿ. ಆಟಿಸಂ ಹುಟ್ಟಿನಿಂದ ಇರುವಂಥದ್ದು, ಹಾಗಾಗಿ ಬಾಲ್ಯದಲ್ಲೂ ಲಕ್ಷಣ ಇತ್ತು ಅನ್ನುವುದಕ್ಕೆ ಆಧಾರ ಬೇಕು. ಅದು ನೆನಪಿರುವವರು ಒಬ್ಬಿಬ್ಬರೇ. ‘ನಾನು ವಿಚಿತ್ರವಾಗಿದ್ದೆನಾ’ ಅಂತ ಕೇಳಿದರೆ ಯಾವ ತಾಯಿಯೂ ಹೌದು ಅನ್ನಲ್ಲ. ಹಬ್ಬಕ್ಕೆ ಹೊಸ ಬಟ್ಟೆ ಹಾಕುವಾಗ ಅಳುತ್ತಿದ್ದೆನಾ, ಜಾತ್ರೆಯಲ್ಲಿ ಏನು ಮಾಡುತ್ತಿದ್ದೆ, ಯಾವ ತಿಂಡಿ ಮುಟ್ಟುತ್ತಿರಲಿಲ್ಲ, ಮಕ್ಕಳ ಜೊತೆ ಆಡುತ್ತಿದ್ದೆನಾ ಅಥವಾ ದೂರದಲ್ಲಿ ನಿಂತು ನೋಡುತ್ತಿದ್ದೆನಾ, ಹೀಗೆ ಕೇಳಿ. ಬರೆದಿಟ್ಟುಕೊಳ್ಳಿ. ಅಕ್ಕ, ಚಿಕ್ಕಮ್ಮ ಹೇಳಿದರೂ ಆಗುತ್ತದೆ.

ರಕ್ತ ಪರೀಕ್ಷೆಯಿಂದಲೋ ಸ್ಕ್ಯಾನಿನಿಂದಲೋ ಆಟಿಸಂ ತಿಳಿಯುವುದಿಲ್ಲ. ಮನೋವೈದ್ಯರು ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಜೊತೆ ಕೂತು ಉದ್ದಕ್ಕೆ ಮಾತಾಡಬೇಕು, ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಸಲ. ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಚಡಪಡಿಕೆ), ಒಸಿಡಿ (ಬೇಡವೆಂದರೂ ಮರುಕಳಿಸುವ ಯೋಚನೆ, ಕೆಲಸ), ಸೋಷಿಯಲ್ ಆಂಗ್ಸೈಟಿ (ಜನರೆದುರಿನ ಭಯ) ಇವೆಯಾ ಅಂತಲೂ ನೋಡುತ್ತಾರೆ. ಥೈರಾಯ್ಡ್ ಬೇರೆಯಾಗಿ ನೋಡಿಸಿ. ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಕಿರಿಕಿರಿ, ನಿದ್ದೆಗೇಡು ಹೆಚ್ಚುವುದೂ ಉಂಟು, ಅದನ್ನೂ ಹೇಳಿ. ಮಾನಸಿಕ ಆರೋಗ್ಯದ ದೊಡ್ಡ ಸಂಸ್ಥೆಗಳಾದ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ನಿಮಗೆ ಗೊತ್ತೇ ಇವೆ. ಎಲ್ಲಿಗೇ ಹೋಗಿ, ‘ವಯಸ್ಕರ ಆಟಿಸಂ ನೋಡುತ್ತೀರಾ’ ಅಂತ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಮಕ್ಕಳನ್ನಷ್ಟೇ ನೋಡಿದವರು ನಿಮ್ಮ ಮಾತುಕತೆ ಕೇಳಿ ‘ಏನಿಲ್ಲ ಹೋಗಿ’ ಅಂದುಬಿಡಬಹುದು.

ರೋಗನಿರ್ಣಯ ಬೇರೆ, ಅಂಗವಿಕಲತೆಯ ಪ್ರಮಾಣಪತ್ರ ಬೇರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಆಟಿಸಂ ಇದೆ. ಪ್ರಮಾಣಪತ್ರಕ್ಕೆ ಐಎಸ್‌ಎಎ ಎಂಬ 40 ಅಂಶಗಳ ಮಾಪನ ಬಳಸುತ್ತಾರೆ. ಅದು ಹೊರಗೆ ಕಾಣುವ ನಡವಳಿಕೆಯನ್ನೇ ಹೆಚ್ಚಾಗಿ ನೋಡುತ್ತದೆ. ನಿಮ್ಮಂತೆ ಮುಚ್ಚಿಟ್ಟು ಬದುಕಿದವರಿಗೆ ಬೇಕಾದ 70 ಅಂಕ ಬರದೇ ಹೋಗಬಹುದು. ಪ್ರಮಾಣಪತ್ರಕ್ಕಾಗಿಯೇ ಪರೀಕ್ಷೆಗೆ ಹೊರಟರೆ ನಿರಾಸೆಯಾದೀತು.

ಬ್ಯಾಂಕಿನಲ್ಲಿ ಹೇಳಬೇಕಾ ಅನ್ನುವುದನ್ನು ಆಮೇಲೆ ಯೋಚಿಸಿದರಾಯಿತು. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರವನ್ನು ಡಾಕ್ಟರು ಗುಟ್ಟಾಗಿಡಬೇಕು. ಯಜಮಾನರನ್ನು ಮಾತ್ರ ಒಂದು ಭೇಟಿಗೆ ಕರೆದುಕೊಂಡು ಹೋಗಿ. ಅವರನ್ನು ಒಪ್ಪಿಸುವುದಕ್ಕಲ್ಲ. ನೆಂಟರು ಹೋದ ಮೇಲೆ ನೀವು ಮನೆಯಲ್ಲಿ ಹೇಗಿರುತ್ತೀರಿ ಅಂತ ಕಣ್ಣಾರೆ ನೋಡಿದವರು ಅವರೇ, ಅದನ್ನು ಡಾಕ್ಟರು ಕೇಳಿಯೇ ಕೇಳುತ್ತಾರೆ.