ದಾಕ್ಷಿಣ್ಯಕ್ಕೆ ಹಾಕಿದ ಸಹಿ

ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿರುವ ಈ ಪ್ರಕರಣದ ವ್ಯಕ್ತಿ ಮಲೆನಾಡಿನ ಒಂದು ಪಟ್ಟಣದಲ್ಲಿ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು, ವಯಸ್ಸು 63. ನಿದ್ರೆ ಬರುವುದಿಲ್ಲ, ಗೇಟಿನ ಚಿಲಕ ಸದ್ದಾದರೆ ಎದೆ ಹೊಡೆದುಕೊಳ್ಳುತ್ತದೆ ಎನ್ನುತ್ತ ಆಪ್ತಸಲಹೆಗೆಂದು ನನ್ನ ಬಳಿ ಬಂದ ಅವರು ಮೊದಲ ಅರ್ಧ ಗಂಟೆ ತಾವು ಮಾರಿದ ಕಾರಿನ ಮಾತನ್ನೇ ಎತ್ತಲಿಲ್ಲ. ಮೇಜಿನ ಮೇಲೆ ಮಗುಚಿಟ್ಟಿದ್ದ ಮೊಬೈಲು ಒಮ್ಮೆ ಗುಂಯ್‌ಗುಟ್ಟಿದಾಗ, ಕರವಸ್ತ್ರ ತೆಗೆದು ಅದರ ಮೇಲೆ ಮುಚ್ಚಿದರು. ಆಗ ಕೇಳಿದೆ.

2012ರ ಡೀಸೆಲ್ ಸ್ವಿಫ್ಟ್. ಮಾರುತಿ ಕಂಪನಿ 2020ರ ಏಪ್ರಿಲ್‌ನಿಂದ ಡೀಸೆಲ್ ಕಾರುಗಳನ್ನು ನಿಲ್ಲಿಸಿದ ಮೇಲೂ ಹಳೆಯ ಗಾಡಿಯನ್ನು ಹುಡುಕುವವರಿದ್ದರು. ಆನ್‌ಲೈನ್‌ನಲ್ಲಿ ಫೋಟೊ ಹಾಕಿದ ಮರುದಿನವೇ ಒಬ್ಬ ಯುವಕ ಹೆಂಡತಿ ಮಗುವಿನೊಡನೆ ಬಂದು, ಕಾಫಿ ಕುಡಿದು, "ಮೇಷ್ಟ್ರು ಓಡಿಸಿದ ಗಾಡಿ ಅಂದಮೇಲೆ ಇನ್ನು ನೋಡೋದೇನಿದೆ ಸಾರ್" ಎಂದ. 2,35,000 ರೂಪಾಯಿ ಖಾತೆಗೆ ಬಂತು. ಇವರು ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ದಿನಾಂಕವನ್ನೂ ಬರೆಯದೆ ಸಹಿ ಮಾಡಿ ಆರ್‌ಸಿಯೊಡನೆ ಅವನ ಕೈಗಿತ್ತರು. ಗುರುತಿನ ಚೀಟಿಯ ಪ್ರತಿ ಕೇಳಿದರೆ ಮನೆಗೆ ಬಂದವರನ್ನು ಅವಮಾನಿಸಿದಂತಾದೀತೆಂದು ಸುಮ್ಮನಾದರು. ಏಳು ತಿಂಗಳ ನಂತರ ಸಿಗ್ನಲ್ ದಾಟಿದ್ದಕ್ಕೆ, ಅತಿವೇಗಕ್ಕೆ ಎಂದು ದಂಡದ ಸಂದೇಶಗಳು ಬರತೊಡಗಿದವು. ಯುವಕನ ಫೋನು ಸ್ವಿಚ್ ಆಫ್. ಹೆಂಡತಿಗೆ ಇವರು ಏನನ್ನೂ ಹೇಳಿರಲಿಲ್ಲ.

"ಜನ್ಮದಿನಾಂಕ ತಾಳೆ ನೋಡದೆ ಒಂದು ಟಿ.ಸಿ.ಗೂ ಸಹಿ ಹಾಕಿದವನಲ್ಲ ನಾನು," ಎಂದು ಅವರು ಎರಡು ಸಲ ಹೇಳಿದರು. ದಂಡದ ಮೊತ್ತ ಮೂರು ಸಾವಿರವನ್ನೂ ಮುಟ್ಟಿರಲಿಲ್ಲ. ನಿದ್ರೆ ಕೆಡಿಸಿದ್ದು ಈ ನಾಚಿಕೆ ಎಂದು ನನಗನ್ನಿಸಿತು. ಹಾಗೆಂದು ಅವರ ಭಯಕ್ಕೆ ಆಧಾರವಿಲ್ಲವೆನ್ನುವಂತಿರಲಿಲ್ಲ. ದಾಖಲೆಯಲ್ಲಿ ಹೆಸರಿರುವವರೇ ಕಾನೂನಿನ ದೃಷ್ಟಿಯಲ್ಲಿ ಮಾಲೀಕರೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ವಿಮೆಯಿಲ್ಲದ ಹೊತ್ತಿನಲ್ಲಿ ಅಪಘಾತವಾದರೆ ಪರಿಹಾರದ ಹೊರೆ ಇವರ ತಲೆಗೇ ಬರಬಹುದು. ಇಂಥಲ್ಲಿ "ಏನೂ ಆಗುವುದಿಲ್ಲ ಬಿಡಿ" ಎನ್ನುವ ಸಲಹೆಗಾರರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹೆಂಡತಿಗೆ ಆ ವಾರವೇ ಹೇಳಬೇಕೆಂಬುದು ನನ್ನ ಮೊದಲ ಸಲಹೆ. ದಂಡದ ಸಂದೇಶಗಳನ್ನು ಸಂಜೆ ಐದರಿಂದ ಐದೂವರೆಯೊಳಗೆ, ಮೇಜಿನ ಬಳಿ ಕುಳಿತು, ಕಡತ ತೆರೆದುಕೊಂಡೇ ನೋಡಬೇಕು. ರಾತ್ರಿ ಚಿಂತೆ ಎದ್ದರೆ ಚೀಟಿಯಲ್ಲಿ ಬರೆದು ಆ ಕಡತಕ್ಕೆ ಸೇರಿಸಿ ಮಲಗಬೇಕು ಎಂದೂ ಒಪ್ಪಿಸಿದೆ. ಉಳಿದದ್ದು ವಕೀಲರ ಕೆಲಸವಾದ್ದರಿಂದ ಅವರಲ್ಲಿಗೆ ಕಳುಹಿಸಿದೆ. ಮೋಟಾರು ವಾಹನ ಕಾಯ್ದೆಯ 50ನೆಯ ಕಲಮಿನಂತೆ, ಅದೇ ರಾಜ್ಯದೊಳಗೆ ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ಆರ್‌ಟಿಒಗೆ ತಿಳಿಸಬೇಕು. ತಡವಾಗಿದ್ದರೂ ಮಾರಾಟದ ವಿವರಗಳನ್ನು ಸ್ವೀಕೃತಿ ಸಹಿತ ಅಂಚೆಯಲ್ಲಿ ಕಳುಹಿಸುವುದೆಂದೂ, ಥರ್ಡ್ ಪಾರ್ಟಿ ವಿಮೆ ಎಂದಿಗೆ ಮುಗಿಯುತ್ತದೆಂದು ತಕ್ಷಣ ನೋಡುವುದೆಂದೂ ತೀರ್ಮಾನವಾಯಿತು.

ಎರಡನೆಯ ಭೇಟಿಗೆ ಅವರ ಪತ್ನಿಯೂ ಬಂದರು. "ಇಷ್ಟೇನಾ? ನಾನು ಯಾವುದೋ ದೊಡ್ಡ ಕಾಯಿಲೆ ಮುಚ್ಚಿಡ್ತಿದ್ದಾರೆ ಅಂದ್ಕೊಂಡು ಮೂರು ತಿಂಗಳು ಹರಕೆ ಹೊತ್ತೆ," ಎಂದು ಚೀಲದಿಂದ ಪಾಸ್‌ಬುಕ್ ತೆಗೆದಿಟ್ಟರು. ಹಣ ಬಂದ ಸಾಲಿನಲ್ಲಿ ಯುವಕನ ಪೂರ್ಣ ಹೆಸರಿತ್ತು. ಅವನ ಹೆಂಡತಿಯ ತವರೂರೂ ಮೇಷ್ಟ್ರ ಪತ್ನಿಗೆ ನೆನಪಿತ್ತು. ಕಾಫಿ ಕೊಡುವಾಗ ಕೇಳಿಟ್ಟುಕೊಂಡಿದ್ದರಂತೆ.

ತವರಿನ ಕಡೆಯಿಂದ ಯುವಕ ಸಿಕ್ಕಿದ್ದಾನೆ. ಗಾಡಿಯನ್ನು ಬ್ರೋಕರನಿಗೆ ಮಾರಿದ್ದಾನಂತೆ, ಹೆಸರು ಇನ್ನೂ ಬದಲಾಗಿಲ್ಲ. ನಾಲ್ಕನೆಯ ಭೇಟಿಯ ಹೊತ್ತಿಗೆ ಮೇಷ್ಟ್ರಿಗೆ ರಾತ್ರಿ ಐದು ಗಂಟೆ ನಿದ್ರೆ ಬರುತ್ತಿತ್ತು. ಆರ್‌ಟಿಒ ಕಚೇರಿಯ ಸ್ವೀಕೃತಿ ಬಂದ ದಿನ ಅಂಚೆಯವನು ಚಿಲಕ ಬಡಿದಾಗ ತಾವೇ ಎದ್ದು ಗೇಟಿಗೆ ಹೋಗಿದ್ದರಂತೆ.